ಸರ್ವರ್‌ಗಳ ಸ್ವಯಂಚಾಲಿತ ಸಂರಚನಾ ನಿರ್ವಹಣೆ: ಸಾರ್ವಜನಿಕರಿಗೆ ಪರಿಚಯ ಹಾಗೂ ಪ್ರಾರಂಭಿಕ ಅಭ್ಯಾಸಗಳು

ಪೀಠಿಕೆ

ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಹಾಗೂ ಜಗಳೂರು ತಾಲ್ಲೂಕುಗಳ ಸಾರ್ವಜನಿಕರು ಪಹಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ವಾಸಸ್ಥಳ ದೃಢೀಕರಣ, ಸಾಮಾಜಿಕ ಭದ್ರತಾ ಪಿಂಚಣಿ ಮುಂತಾದ ಸೇವೆಗಳಿಗಾಗಿ ಸಲ್ಲಿಸುವ ಅರ್ಜಿಗಳು ಇಂದು ಗಣಕಯಂತ್ರಗಳ ಮೂಲಕವೇ ಸ್ವೀಕೃತವಾಗಿ, ಗಣಕಯಂತ್ರಗಳ ಮೂಲಕವೇ ವಿಲೇವಾರಿಯಾಗುತ್ತವೆ. ಅರ್ಜಿದಾರರು ಕೌಂಟರಿನ ಮುಂದೆ ನಿಂತಾಗ ಒಮ್ಮೊಮ್ಮೆ ಕೇಳಿಬರುವ ಮಾತು "ಸರ್ವರ್ ಡೌನ್ ಇದೆ, ನಾಳೆ ಬನ್ನಿ" ಎಂಬುದು. ಬ್ಯಾಂಕಿನಲ್ಲಿ ಬೆಳೆಸಾಲದ ಕಡತ ಕಾದಿರುವಾಗ, ಅಥವಾ ವಿದ್ಯಾರ್ಥಿವೇತನದ ಕೊನೆಯ ದಿನಾಂಕ ಸಮೀಪಿಸಿರುವಾಗ, ಈ ಒಂದು ಮಾತಿನ ಬೆಲೆ ಒಂದು ದಿನದ ಕೂಲಿ ಹಾಗೂ ಬಸ್ ಪ್ರಯಾಣದ ವೆಚ್ಚವಷ್ಟೇ ಆಗಿರುವುದಿಲ್ಲ.

ಸರ್ವರ್ ಎಂದರೇನು, ಅದು ಏಕೆ ಕೆಡುತ್ತದೆ, ಅನೇಕ ಸರ್ವರ್‌ಗಳನ್ನು ಏಕರೂಪದಲ್ಲಿ ಇರಿಸುವ ವಿಧಾನ ಯಾವುದು ಎಂಬುದನ್ನು ಸಾರ್ವಜನಿಕರು ತಿಳಿದಿರುವುದು ಉಪಯುಕ್ತ. ಈ ಪುಟದಲ್ಲಿ ಮೊದಲು ಆ ವಿಷಯದ ವಿವರಣೆಯನ್ನೂ, ನಂತರ ಆಸಕ್ತ ಯುವಜನರು ಮನೆಯ ಗಣಕಯಂತ್ರದಲ್ಲಿಯೇ ಮಾಡಬಹುದಾದ ಆರು ಅಭ್ಯಾಸಗಳನ್ನೂ, ಕೊನೆಯಲ್ಲಿ ತಾಂತ್ರಿಕ ಕಾರಣದಿಂದ ಸೇವೆ ವಿಳಂಬವಾದಲ್ಲಿ ಅರ್ಜಿದಾರರಿಗೆ ಇರುವ ಹಕ್ಕುಗಳನ್ನೂ ನೀಡಲಾಗಿದೆ.

ಸರ್ವರ್ ಮತ್ತು ಸಂರಚನೆ

ಸರ್ವರ್ ಎಂದರೆ ಇತರ ಗಣಕಯಂತ್ರಗಳು ಕೇಳಿದ ಮಾಹಿತಿಯನ್ನು ಒದಗಿಸುವ ಗಣಕಯಂತ್ರ. ನಾಡಕಚೇರಿಯ ಮೇಜಿನ ಮೇಲಿರುವ ಯಂತ್ರವು ಸರ್ವರ್ ಅಲ್ಲ. ಅದು ದೂರದಲ್ಲಿರುವ ಸರ್ವರ್‌ನೊಂದಿಗೆ ಜಾಲದ ಮೂಲಕ ಮಾತನಾಡುತ್ತದೆ. ಆದುದರಿಂದ "ಸರ್ವರ್ ಡೌನ್" ಎಂದು ಹೇಳಲಾದ ಸಂದರ್ಭದಲ್ಲಿ ನಿಜವಾಗಿ ಕೆಟ್ಟಿರುವುದು ಸರ್ವರ್ ಆಗಿರಬಹುದು, ನಡುವಿನ ಜಾಲವಾಗಿರಬಹುದು, ಮೇಜಿನ ಮೇಲಿನ ಯಂತ್ರವೇ ಆಗಿರಬಹುದು ಅಥವಾ ವಿದ್ಯುತ್ ನಿಲುಗಡೆಯೂ ಆಗಿರಬಹುದು. ನಾಲ್ಕಕ್ಕೂ ಒಂದೇ ಹೆಸರು ರೂಢಿಗೆ ಬಂದಿರುವುದರಿಂದ ಅರ್ಜಿದಾರರಿಗೆ ಕಾರಣ ತಿಳಿಯುವುದಿಲ್ಲ.

ಸಂರಚನೆ, ಅಂದರೆ ಕಾನ್ಫಿಗರೇಷನ್, ಎಂದರೆ ಸದರಿ ಯಂತ್ರದಲ್ಲಿ ಯಾವ ತಂತ್ರಾಂಶಗಳಿವೆ, ಅವುಗಳ ಆವೃತ್ತಿ ಯಾವುದು, ಗಡಿಯಾರ ಯಾವ ಕಾಲವಲಯವನ್ನು ಅನುಸರಿಸುತ್ತದೆ, ಯಾರಿಗೆ ಪ್ರವೇಶವಿದೆ, ಯಾವ ಕಡತ ಎಲ್ಲಿದೆ ಎಂಬ ಸಾವಿರಾರು ಸಣ್ಣ ನಿರ್ಧಾರಗಳ ಮೊತ್ತ. ಯಂತ್ರಾಂಶ ಒಂದೇ ಆಗಿದ್ದರೂ ಸಂರಚನೆ ಬೇರೆಯಾದಲ್ಲಿ ಎರಡು ಸರ್ವರ್‌ಗಳು ಒಂದೇ ರೀತಿ ವರ್ತಿಸುವುದಿಲ್ಲ.

ಹಿನ್ನೆಲೆ: ಕೈಬರಹದ ಪಹಣಿಯಿಂದ ಗಣಕೀಕೃತ ಪಹಣಿಯವರೆಗೆ

ಕರ್ನಾಟಕದಲ್ಲಿ ಈ ವಿಷಯದ ಮಹತ್ವವನ್ನು ಅರಿಯಲು ಭೂಮಿ ಯೋಜನೆಯ ಉದಾಹರಣೆಯೇ ಸಾಕು. ಹಿಂದೆ ಜಮೀನಿನ ಪಹಣಿಗಳು ಗ್ರಾಮ ಲೆಕ್ಕಿಗರ ವಶದಲ್ಲಿದ್ದ ಕೈಬರಹದ ಪುಸ್ತಕಗಳಾಗಿದ್ದವು. ರಾಜ್ಯದಲ್ಲಿ ಸುಮಾರು 9,000 ಗ್ರಾಮ ಲೆಕ್ಕಿಗರಿದ್ದರು. ಆದುದರಿಂದ ಪುಸ್ತಕಗಳನ್ನು ಇಡುವ ರೀತಿಯೂ ಅಷ್ಟೇ ಬಗೆಯಾಗಿತ್ತು ಎಂದರೆ ಉತ್ಪ್ರೇಕ್ಷೆಯಲ್ಲ. ಒಂದು ಸಾಲನ್ನು ತಿದ್ದಿದಲ್ಲಿ ಯಾರು, ಯಾವಾಗ, ಏಕೆ ತಿದ್ದಿದರು ಎಂಬುದು ಪುಸ್ತಕವನ್ನು ನೋಡಿದವರಿಗೆ ತಿಳಿಯುತ್ತಿರಲಿಲ್ಲ. ಕಂದಾಯ ಇಲಾಖೆ ಹಾಗೂ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು ಜಂಟಿಯಾಗಿ ಕೈಗೊಂಡ ಭೂಮಿ ಯೋಜನೆಯಡಿ 67 ಲಕ್ಷ ಭೂ ಹಿಡುವಳಿದಾರರಿಗೆ ಸಂಬಂಧಿಸಿದ ಸುಮಾರು 2 ಕೋಟಿ ದಾಖಲೆಗಳನ್ನು ಗಣಕೀಕರಿಸಿ, 2000ದ ದಶಕದ ಆರಂಭದ ವೇಳೆಗೆ ರಾಜ್ಯದ ತಾಲ್ಲೂಕು ಕೇಂದ್ರಗಳಲ್ಲಿ ಭೂಮಿ ಕೇಂದ್ರಗಳನ್ನು ತೆರೆಯಲಾಯಿತು. ಆಗ ಪಹಣಿಯ ಒಂದು ಪ್ರತಿಗೆ 15 ರೂಪಾಯಿ ಶುಲ್ಕವಿತ್ತು. ಸಿಬ್ಬಂದಿಯು ಬೆರಳಚ್ಚು ನೀಡಿಯೇ ತಂತ್ರಾಂಶವನ್ನು ಪ್ರವೇಶಿಸಬೇಕಾಗಿತ್ತು. ಮ್ಯುಟೇಷನ್ ಅರ್ಜಿಗಳನ್ನು ಮೊದಲು ಬಂದವರಿಗೆ ಮೊದಲು ಎಂಬ ಸರದಿಯಲ್ಲಿಯೇ ವಿಲೇವಾರಿ ಮಾಡಬೇಕಾಗಿತ್ತು.

ದಾಖಲೆಗಳು ಏಕರೂಪಕ್ಕೆ ಬಂದವು. ಆದರೆ ಅವುಗಳನ್ನು ಇರಿಸಿದ ಯಂತ್ರಗಳು ಆರಂಭದಲ್ಲಿ ತಾಲ್ಲೂಕಿಗೊಂದರಂತೆ ಪ್ರತ್ಯೇಕವಾಗಿದ್ದವು. ನೂರೆಪ್ಪತ್ತಕ್ಕೂ ಹೆಚ್ಚು ಸ್ಥಳಗಳಲ್ಲಿ ಒಂದೇ ಬಗೆಯ ತಂತ್ರಾಂಶವನ್ನು ಒಂದೇ ಸ್ಥಿತಿಯಲ್ಲಿ ಕಾಯ್ದುಕೊಳ್ಳುವುದು ಎಷ್ಟು ಶ್ರಮದ ಕೆಲಸವೆಂಬುದು ಊಹೆಗೆ ನಿಲುಕುವಂಥದ್ದು. ನಂತರದ ವರ್ಷಗಳಲ್ಲಿ ರಾಜ್ಯವ್ಯಾಪಿ ಜಾಲ ಹಾಗೂ ರಾಜ್ಯ ದತ್ತಾಂಶ ಕೇಂದ್ರಗಳು ಬಂದು ಮಾಹಿತಿಯು ಕೇಂದ್ರೀಕೃತವಾಯಿತು. ಹೋಬಳಿ ಮಟ್ಟದಲ್ಲಿ 2012ರಿಂದ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು ಕಾರ್ಯಾರಂಭ ಮಾಡಿದವು. ಕೇಂದ್ರೀಕರಣದಿಂದ ಸಮಸ್ಯೆ ಮುಗಿಯಿತೆಂದು ಭಾವಿಸಬಾರದು. ಕೇಂದ್ರದಲ್ಲಿಯೂ ಒಂದು ಸೇವೆಯ ಹಿಂದೆ ಒಂದೇ ಯಂತ್ರ ಇರುವುದಿಲ್ಲ, ಹಲವು ಇರುತ್ತವೆ. ಅವುಗಳಲ್ಲಿ ಒಂದು ಮಾತ್ರ ಭಿನ್ನವಾದಲ್ಲಿ ಹತ್ತು ಅರ್ಜಿಗಳು ಸರಿಯಾಗಿ ಹೋಗಿ ಹನ್ನೊಂದನೆಯದು ನಿಲ್ಲುತ್ತದೆ, ಮತ್ತು ನಿಂತದ್ದು ಏಕೆಂದು ಹುಡುಕುವುದು ಪೂರ್ಣ ಕೆಟ್ಟ ಯಂತ್ರವನ್ನು ಹುಡುಕುವುದಕ್ಕಿಂತ ಕಷ್ಟ.

ಭಿನ್ನತೆಯಿಂದ ಅರ್ಜಿದಾರರಿಗೆ ಆಗುವ ತೊಂದರೆ

ಗಡಿಯಾರವನ್ನು ಮೊದಲು ಗಮನಿಸಬಹುದು. ಅರ್ಜಿಯ ದಿನಾಂಕ ಹಾಗೂ ಸಮಯವನ್ನು ನಮೂದಿಸುವುದು ಸರ್ವರ್, ಅರ್ಜಿದಾರರ ಕೈಗಡಿಯಾರವಲ್ಲ. ಒಂದು ಸರ್ವರ್‌ನ ಗಡಿಯಾರವು ಅರ್ಧ ಗಂಟೆ ಮುಂದಿದೆ ಎಂದಿಟ್ಟುಕೊಂಡಲ್ಲಿ, ಕೊನೆಯ ದಿನದ ರಾತ್ರಿ 11:40ಕ್ಕೆ ಸಲ್ಲಿಸಿದ ಅರ್ಜಿಯು ಮರುದಿನದ ದಿನಾಂಕವನ್ನು ಹೊತ್ತು ಅವಧಿ ಮೀರಿದ ಅರ್ಜಿ ಎನಿಸಿಕೊಳ್ಳುತ್ತದೆ. ಭಾರತೀಯ ಕಾಲಮಾನವು ವಿಶ್ವ ಕಾಲಮಾನಕ್ಕಿಂತ 5 ಗಂಟೆ 30 ನಿಮಿಷ ಮುಂದಿದೆ. ಕಾಲವಲಯವನ್ನು ನಿಗದಿಪಡಿಸಲು ಮರೆತ ಸರ್ವರ್ ಬೆಳಗಿನ ಜಾವ 5 ಗಂಟೆಗೆ ಸಲ್ಲಿಸಿದ ಅರ್ಜಿಗೆ ಹಿಂದಿನ ದಿನದ ರಾತ್ರಿ 11:30 ಎಂದು ಮುದ್ರೆ ಒತ್ತುತ್ತದೆ. ಸರದಿಯ ಪ್ರಕಾರ ವಿಲೇವಾರಿಯಾಗಬೇಕಾದ ಅರ್ಜಿಗಳಲ್ಲಿ ಇದು ಸಣ್ಣ ದೋಷವಲ್ಲ. ಈ ಕಾರಣಕ್ಕಾಗಿಯೇ ಭಾರತ ಸರ್ಕಾರದ ಸರ್ಟ್-ಇನ್ ಸಂಸ್ಥೆಯು 28 ಏಪ್ರಿಲ್ 2022ರಂದು ಹೊರಡಿಸಿದ ನಿರ್ದೇಶನಗಳಲ್ಲಿ, ಗಣಕ ವ್ಯವಸ್ಥೆಗಳ ಗಡಿಯಾರಗಳನ್ನು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯ ಸರ್ವರ್‌ಗಳಿಗೆ, ಇಲ್ಲವೇ ಅವುಗಳನ್ನು ಆಧರಿಸಿದ ಸರ್ವರ್‌ಗಳಿಗೆ ಹೊಂದಿಸತಕ್ಕದ್ದೆಂದು ತಿಳಿಸಿದೆ.

ಎರಡನೆಯದು ಕನ್ನಡ ಅಕ್ಷರ. ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಮುಂಚಿನ ಅಕ್ಷರ ಸಂಕೇತಗಳಲ್ಲಿ ಸಿದ್ಧಪಡಿಸಲಾಗಿತ್ತು. ಅಂತಹ ಪಠ್ಯವನ್ನು ಯೂನಿಕೋಡ್ ನಿರೀಕ್ಷಿಸುವ ಯಂತ್ರವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೋರಿಸುತ್ತದೆ. ಪ್ರಮಾಣಪತ್ರದಲ್ಲಿ ತಂದೆಯ ಹೆಸರು ಚೌಕಗಳ ಸಾಲಾಗಿ ಮುದ್ರಿತವಾದಲ್ಲಿ ಅದನ್ನು ಯಾವ ಶಾಲೆಯೂ ಸ್ವೀಕರಿಸುವುದಿಲ್ಲ.

ಮೂರನೆಯದಾಗಿ, ದಾಖಲೆ ಕಡತಗಳು ಬೆಳೆದು ಡಿಸ್ಕ್ ತುಂಬಿಕೊಳ್ಳುವುದು ಮತ್ತು ಭದ್ರತಾ ಪ್ರಮಾಣಪತ್ರದ ಅವಧಿ ಮುಗಿಯುವುದು. ಇವೆರಡೂ ಮೊದಲೇ ತಿಳಿದಿರುವ ದಿನಾಂಕಕ್ಕೆ, ಲೆಕ್ಕ ಹಾಕಬಹುದಾದ ವೇಗದಲ್ಲಿ ಸಂಭವಿಸುವಂಥವು. ಆದರೂ ಸಂಭವಿಸುತ್ತಲೇ ಇರುತ್ತವೆ.

ಉಪಕರಣಗಳು

ಯಂತ್ರವು ಯಾವ ಸ್ಥಿತಿಯಲ್ಲಿರಬೇಕು ಎಂಬುದನ್ನು ಕಡತದಲ್ಲಿ ಬರೆದಿಟ್ಟು, ಆ ಸ್ಥಿತಿಗೆ ತರುವ ಕೆಲಸವನ್ನು ತಂತ್ರಾಂಶಕ್ಕೆ ವಹಿಸುವ ಪದ್ಧತಿಯನ್ನು ಸ್ವಯಂಚಾಲಿತ ಸಂರಚನಾ ನಿರ್ವಹಣೆ ಎನ್ನಲಾಗುತ್ತದೆ. ನಾರ್ವೆಯ ಆಸ್ಲೋ ನಗರದಲ್ಲಿದ್ದ ಮಾರ್ಕ್ ಬರ್ಜೆಸ್ ಅವರು 1993ರಲ್ಲಿ ಸಿಎಫ್‌ಎಂಜಿನ್ ಎಂಬ ತಂತ್ರಾಂಶವನ್ನು ರೂಪಿಸಿದರು. ತರುವಾಯ 2005ರಲ್ಲಿ ಪಪೆಟ್, 2009ರಲ್ಲಿ ಶೆಫ್, 2011ರಲ್ಲಿ ಸಾಲ್ಟ್ ಹಾಗೂ 2012ರಲ್ಲಿ ಮೈಕೆಲ್ ಡಿಹಾನ್ ಅವರ ಆನ್ಸಿಬಲ್ ಬಂದವು. ಆನ್ಸಿಬಲ್ ಸಂಸ್ಥೆಯನ್ನು 2015ರಲ್ಲಿ ರೆಡ್ ಹ್ಯಾಟ್ ಸಂಸ್ಥೆಯು ಖರೀದಿಸಿತು. ಎಷ್ಟೇ ದೂರಕ್ಕೂ ಕ್ಷಣದಲ್ಲಿ ಸಂದೇಶ ತಲುಪಿಸುವ ಕಾಲ್ಪನಿಕ ಯಂತ್ರಕ್ಕೆ ಅಮೆರಿಕದ ಲೇಖಕಿ ಉರ್ಸುಲಾ ಲೆ ಗ್ವಿನ್ ಅವರು 1966ರ ಕಾದಂಬರಿಯೊಂದರಲ್ಲಿ ಇಟ್ಟ ಹೆಸರು ಅದು.

ಈ ಪುಟದ ಅಭ್ಯಾಸಗಳಿಗೆ ಆನ್ಸಿಬಲ್ ಅನ್ನು ಆಯ್ದುಕೊಳ್ಳಲಾಗಿದೆ. ಅದು ಉಚಿತವಾಗಿ ಲಭ್ಯವಿರುವ ಮುಕ್ತ ತಂತ್ರಾಂಶ; ನಿರ್ವಹಿಸಲ್ಪಡುವ ಯಂತ್ರಗಳಲ್ಲಿ ಪ್ರತ್ಯೇಕ ತಂತ್ರಾಂಶವನ್ನು ಸ್ಥಾಪಿಸುವ ಅಗತ್ಯವಿಲ್ಲ, ಎಸ್‌ಎಸ್‌ಎಚ್ ಪ್ರವೇಶ ಹಾಗೂ ಪೈಥಾನ್ ಇದ್ದರೆ ಸಾಕು. ಸಾವಿರಾರು ಯಂತ್ರಗಳ ಸಂದರ್ಭದಲ್ಲಿ ಇದು ಇತರ ಕೆಲವು ಉಪಕರಣಗಳಿಗಿಂತ ನಿಧಾನವೆಂಬುದು ನಿಜ. ನಾಲ್ಕು ಯಂತ್ರಗಳ ಅಭ್ಯಾಸಕ್ಕೆ ಅದು ಬಾಧಕವಲ್ಲ.

ಅಭ್ಯಾಸಕ್ಕೆ ಸಿದ್ಧತೆ

8 ಜಿಬಿ ಮೆಮೊರಿ ಇರುವ ಒಂದು ಸಾಮಾನ್ಯ ಗಣಕಯಂತ್ರ ಸಾಕಾಗುತ್ತದೆ. ಅದರಲ್ಲಿ ವರ್ಚುವಲ್‌ಬಾಕ್ಸ್ ತಂತ್ರಾಂಶದ ನೆರವಿನಿಂದ ತಲಾ 1 ಜಿಬಿ ಮೆಮೊರಿಯ ನಾಲ್ಕು ಕಲ್ಪಿತ ಯಂತ್ರಗಳನ್ನು ರಚಿಸಿ, ಡೆಬಿಯನ್ ಲಿನಕ್ಸ್ ಅನ್ನು ಚಿತ್ರಪರದೆಯ ಸೌಲಭ್ಯವಿಲ್ಲದೆ ಸ್ಥಾಪಿಸತಕ್ಕದ್ದು. ನಾಲ್ಕೂ ಯಂತ್ರಗಳು ಪರಸ್ಪರ ಸಂಪರ್ಕಿಸುವಂತೆ ಹಾಗೂ ಅಂತರಜಾಲವನ್ನು ತಲುಪುವಂತೆ ಜಾಲವನ್ನು ಹೊಂದಿಸಿಕೊಳ್ಳಬೇಕು. ಆನ್ಸಿಬಲ್ ಅನ್ನು ವಿಂಡೋಸ್‌ನಿಂದ ನೇರವಾಗಿ ಚಲಾಯಿಸಲು ಬರುವುದಿಲ್ಲವಾದ್ದರಿಂದ ನಿಯಂತ್ರಕ ಯಂತ್ರವೂ ಲಿನಕ್ಸ್ ಆಗಿರತಕ್ಕದ್ದು.

ನಿಯಂತ್ರಕ ಯಂತ್ರಕ್ಕೆ ದಾವಣಗೆರೆ ಎಂದೂ, ಉಳಿದ ಮೂರಕ್ಕೆ ಹೊನ್ನಾಳಿ, ಚನ್ನಗಿರಿ, ಜಗಳೂರು ಎಂದೂ ಹೆಸರಿಡಬಹುದು. ಜಿಲ್ಲಾ ಕೇಂದ್ರದಿಂದ ಸುತ್ತೋಲೆ ಹೊರಟು ತಾಲ್ಲೂಕುಗಳಲ್ಲಿ ಜಾರಿಯಾಗುವ ಕ್ರಮವನ್ನು ಇದು ನೆನಪಿನಲ್ಲಿಡಿಸುತ್ತದೆ. ಇವು ಅಭ್ಯಾಸದ ಹೆಸರುಗಳು ಮಾತ್ರ; ಕಚೇರಿಗಳ ನೈಜ ವ್ಯವಸ್ಥೆಗೂ ಇವಕ್ಕೂ ಸಂಬಂಧವಿಲ್ಲ. ಈ ಪುಟದಲ್ಲಿ ಆದೇಶ ಹಾಗೂ ಕಡತಗಳ ಹೆಸರುಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ನೀಡಲಾಗಿದ್ದು, ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳನ್ನು ಬಳಸತಕ್ಕದ್ದು.

ಅಭ್ಯಾಸ 1: ಕೀಲಿಕೈ

ದಾವಣಗೆರೆ ಯಂತ್ರದಲ್ಲಿ ಎಸ್‌ಎಸ್‌ಎಚ್-ಕೀಜೆನ್ ಆದೇಶದಿಂದ ಒಂದು ಜೋಡಿ ಕೀಲಿಗಳನ್ನು ರಚಿಸಬೇಕು. ಒಂದು ಖಾಸಗಿ ಕೀಲಿ, ಇನ್ನೊಂದು ಸಾರ್ವಜನಿಕ ಕೀಲಿ. ಸಾರ್ವಜನಿಕ ಕೀಲಿಯನ್ನು ಎಸ್‌ಎಸ್‌ಎಚ್-ಕಾಪಿ-ಐಡಿ ಆದೇಶದಿಂದ ಉಳಿದ ಮೂರೂ ಯಂತ್ರಗಳಿಗೆ ಕಳುಹಿಸಬೇಕು. ಬೀಗವನ್ನು ಎಲ್ಲ ಬಾಗಿಲುಗಳಿಗೂ ಹಾಕಿ ಕೀಲಿಕೈಯನ್ನು ಒಬ್ಬರೇ ಇಟ್ಟುಕೊಂಡಂತೆ ಇದು. ಖಾಸಗಿ ಕೀಲಿಯನ್ನು ಯಾರೊಂದಿಗೂ, ಸಹೋದ್ಯೋಗಿಯೊಂದಿಗೂ, ಹಂಚಿಕೊಳ್ಳತಕ್ಕದ್ದಲ್ಲ. ಪಾಸ್‌ವರ್ಡ್ ಕೇಳದೆ ಮೂರೂ ಯಂತ್ರಗಳಿಗೆ ಪ್ರವೇಶ ದೊರೆತಲ್ಲಿ ಅಭ್ಯಾಸ ಪೂರ್ಣವಾದಂತೆ.

ಅಭ್ಯಾಸ 2: ಯಂತ್ರಗಳ ಪಟ್ಟಿ

ಮೂರು ಯಂತ್ರಗಳ ಹೆಸರುಗಳನ್ನು ಸಾಲಿಗೊಂದರಂತೆ ಒಂದು ಕಡತದಲ್ಲಿ ಬರೆದು, ಮೇಲೆ ಚೌಕ ಆವರಣದಲ್ಲಿ ತಾಲ್ಲೂಕು ಎಂಬ ಗುಂಪಿನ ಹೆಸರನ್ನು ನೀಡಬೇಕು. ಇದನ್ನು ಇನ್ವೆಂಟರಿ ಎನ್ನುತ್ತಾರೆ. ನಂತರ ಈ ಗುಂಪಿನ ಮೇಲೆ ಪಿಂಗ್ ಎಂಬ ಮಾಡ್ಯೂಲನ್ನು ಚಲಾಯಿಸಿದಾಗ ಪ್ರತಿಯೊಂದು ಯಂತ್ರದಿಂದ ಪಾಂಗ್ ಎಂಬ ಉತ್ತರ ಬರಬೇಕು. ಇದು ಜಾಲದ ಸಾಮಾನ್ಯ ಪಿಂಗ್ ಅಲ್ಲ. ಪ್ರವೇಶ ಸಾಧ್ಯವೇ, ಪೈಥಾನ್ ಕೆಲಸ ಮಾಡುತ್ತಿದೆಯೇ ಎಂಬುದನ್ನು ಸಹ ಪರಿಶೀಲಿಸುತ್ತದೆ.

ಉತ್ತರ ಬಾರದಿದ್ದಲ್ಲಿ ಪರದೆಯ ಮೇಲಿನ ಪದವನ್ನು ಗಮನವಿಟ್ಟು ಓದಬೇಕು. ಅನ್‌ರೀಚಬಲ್ ಎಂದಿದ್ದರೆ ಕಚೇರಿಯ ಬಾಗಿಲೇ ತೆರೆದಿಲ್ಲವೆಂದರ್ಥ: ಜಾಲ, ಹೆಸರು ಅಥವಾ ಕೀಲಿಯ ದೋಷ. ಫೇಲ್ಡ್ ಎಂದಿದ್ದರೆ ಅರ್ಜಿಯು ಕೌಂಟರ್ ತಲುಪಿ ಹಿಂಬರಹದೊಂದಿಗೆ ಮರಳಿದೆ: ಯಂತ್ರವನ್ನು ತಲುಪಲಾಗಿದೆ, ಕೆಲಸ ಮಾತ್ರ ಆಗಿಲ್ಲ, ಮತ್ತು ಕಾರಣವು ಕೆಳಗೆ ಬರೆದಿರುತ್ತದೆ. ಈ ಎರಡನ್ನು ಬೇರ್ಪಡಿಸಿ ನೋಡುವ ಅಭ್ಯಾಸವಿದ್ದವರು ಅರ್ಧ ದಿನವನ್ನು ಉಳಿಸುತ್ತಾರೆ.

ಅಭ್ಯಾಸ 3: ಗಡಿಯಾರ

ಇದು ಮೊದಲ ಪ್ಲೇಬುಕ್. ಪ್ಲೇಬುಕ್ ಎಂದರೆ ಯಾಮಲ್ ಎಂಬ ಸರಳ ವಿನ್ಯಾಸದಲ್ಲಿ ಬರೆದ ಕಡತ. ಸಾಲಿನ ಆರಂಭದ ಖಾಲಿ ಜಾಗವೇ ಇದರ ವ್ಯಾಕರಣ. ಟ್ಯಾಬ್ ಕೀಲಿಯನ್ನು ಬಳಸುವಂತಿಲ್ಲ, ಸ್ಪೇಸ್ ಮಾತ್ರ ಬಳಸಬೇಕು. ಪ್ರಾರಂಭಿಕರ ಬಹುಪಾಲು ದೋಷಗಳು ಇಲ್ಲಿಯೇ ಆಗುತ್ತವೆ.

ಪ್ಲೇಬುಕ್‌ನಲ್ಲಿ ಮೂರು ಕಾರ್ಯಗಳನ್ನು ಬರೆಯಬೇಕು. ಕಾಲವಲಯವು ಏಷ್ಯಾ/ಕೋಲ್ಕತ್ತಾ ಆಗಿರತಕ್ಕದ್ದು. ಕ್ರೋನಿ ಎಂಬ ಸಮಯ ಹೊಂದಾಣಿಕೆಯ ತಂತ್ರಾಂಶ ಇರತಕ್ಕದ್ದು. ಅದರ ಸೇವೆಯು ಚಾಲನೆಯಲ್ಲಿರತಕ್ಕದ್ದು. ಸರ್ಕಾರಿ ಆದೇಶಗಳ ಭಾಷೆಯಂತೆ ಇಲ್ಲಿಯೂ "ಸ್ಥಾಪಿಸು" ಎನ್ನದೆ "ಇರತಕ್ಕದ್ದು" ಎಂದು ಬರೆಯುವುದನ್ನು ಕಲಿಯುವವರು ಗಮನಿಸಬೇಕು. ಕೆಲಸದ ವಿಧಾನವನ್ನಲ್ಲ, ಕೊನೆಗೆ ಇರಬೇಕಾದ ಸ್ಥಿತಿಯನ್ನು ಬರೆಯಲಾಗುತ್ತದೆ.

ಮೊದಲ ಬಾರಿ ಚಲಾಯಿಸಿದಾಗ ಪರದೆಯ ಮೇಲೆ ಚೇಂಜ್ಡ್ ಎಂದು ಹಳದಿ ಸಾಲುಗಳು ಬರುತ್ತವೆ. ಏನನ್ನೂ ಬದಲಿಸದೆ ಎರಡನೆಯ ಬಾರಿ ಚಲಾಯಿಸಿದಾಗ ಎಲ್ಲವೂ ಹಸಿರಾಗಿ, ಓಕೆ ಎಂದು ಮಾತ್ರ ಬರಬೇಕು. ಈ ಗುಣಕ್ಕೆ ಐಡೆಂಪೊಟೆನ್ಸ್ ಎಂಬ ಹೆಸರಿದೆ. ಪಂಪ್‌ಸೆಟ್ ಸ್ಟಾರ್ಟರ್‌ನ ಹಸಿರು ಗುಂಡಿಯನ್ನು ಮೋಟಾರು ಓಡುತ್ತಿರುವಾಗ ಮತ್ತೊಮ್ಮೆ ಒತ್ತಿದರೆ ಏನೂ ಆಗುವುದಿಲ್ಲ. ಎರಡನೆಯ ಮೋಟಾರು ಓಡತೊಡಗುವುದಿಲ್ಲ, ಓಡುತ್ತಿರುವುದು ನಿಲ್ಲುವುದೂ ಇಲ್ಲ. ಪ್ಲೇಬುಕ್ ಸಹ ಹಾಗಿರಬೇಕು. ಶೆಲ್ ಅಥವಾ ಕಮಾಂಡ್ ಮಾಡ್ಯೂಲ್‌ಗಳನ್ನು ಬಳಸಿದಲ್ಲಿ ಪ್ರತಿ ಬಾರಿಯೂ ಚೇಂಜ್ಡ್ ಎಂದೇ ಬರುತ್ತದೆ, ಏಕೆಂದರೆ ಅವುಗಳಿಗೆ ಸ್ಥಿತಿ ಯಾವುದೆಂದು ತಿಳಿದಿರುವುದಿಲ್ಲ. ಬೇರೆ ಮಾಡ್ಯೂಲ್ ಲಭ್ಯವಿರುವಾಗ ಅವುಗಳ ಬಳಕೆ ಸೂಕ್ತವಲ್ಲ.

ಅಭ್ಯಾಸ 4: ನಮೂನೆ

ಕಚೇರಿಯ ಅರ್ಜಿ ನಮೂನೆಯಲ್ಲಿ ಗ್ರಾಮ, ಹೋಬಳಿ, ತಾಲ್ಲೂಕು ಎಂಬಲ್ಲಿ ಖಾಲಿ ಬಿಟ್ಟಿರುವಂತೆಯೇ ಆನ್ಸಿಬಲ್‌ನ ಟೆಂಪ್ಲೇಟ್ ಕಡತದಲ್ಲಿಯೂ ಜೋಡಿ ಪುಷ್ಪಾವರಣಗಳ ನಡುವೆ ಖಾಲಿ ಸ್ಥಾನಗಳಿರುತ್ತವೆ. ಪ್ರತಿ ಯಂತ್ರಕ್ಕೆ ಸಂಬಂಧಿಸಿದ ಮಾಹಿತಿಯನ್ನು ತುಂಬಿ ಕಡತವನ್ನು ಆಯಾ ಯಂತ್ರದಲ್ಲಿ ಇರಿಸಲಾಗುತ್ತದೆ.

ಎರಡು ನಮೂನೆಗಳನ್ನು ಸಿದ್ಧಪಡಿಸಬೇಕು. ಮೊದಲನೆಯದು ಕ್ರೋನಿಯ ಸಂರಚನಾ ಕಡತ. ಅದರಲ್ಲಿ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಸಮಯ ಸರ್ವರ್‌ಗಳ ಹೆಸರುಗಳಿರಬೇಕು. ಎರಡನೆಯದು ಎಂಜಿನ್‌ಎಕ್ಸ್ ವೆಬ್ ಸರ್ವರ್ ತೋರಿಸುವ ಒಂದು ಪುಟ. ಅದರಲ್ಲಿ ತಾಲ್ಲೂಕಿನ ಹೆಸರು ಕನ್ನಡದಲ್ಲಿ ಬರಬೇಕು. ಕಡತವನ್ನು ಯುಟಿಎಫ್-8 ಸಂಕೇತದಲ್ಲಿ ಉಳಿಸಿ, ಪುಟದ ತಲೆಭಾಗದಲ್ಲಿಯೂ ಅದನ್ನೇ ಘೋಷಿಸತಕ್ಕದ್ದು. ಘೋಷಣೆಯನ್ನು ಬೇಕೆಂದೇ ಒಮ್ಮೆ ತೆಗೆದು, ಬ್ರೌಸರ್‌ನಲ್ಲಿ "ಹೊನ್ನಾಳಿ" ಎಂಬ ಹೆಸರು ಏನಾಗುತ್ತದೆ ಎಂದು ನೋಡುವುದು ಒಳ್ಳೆಯ ಪಾಠ. ಕೆಲವು ಬ್ರೌಸರ್‌ಗಳು ಊಹಿಸಿ ಸರಿಯಾಗಿ ತೋರಿಸಬಹುದು. ಊಹೆಯನ್ನು ನಂಬಿ ಸೇವೆ ನಡೆಸಲಾಗದು.

ಕಡತ ಬದಲಾದಾಗ ಮಾತ್ರ ಸೇವೆಯನ್ನು ಮರುಪ್ರಾರಂಭಿಸಲು ಹ್ಯಾಂಡ್ಲರ್ ಎಂಬ ಏರ್ಪಾಟಿದೆ. ಅದನ್ನು ಬಳಸದೆ ಪ್ರತಿ ಬಾರಿಯೂ ಮರುಪ್ರಾರಂಭಿಸಿದಲ್ಲಿ ಅಷ್ಟೂ ಬಾರಿ ಕೌಂಟರಿನಲ್ಲಿರುವವರ ಕೆಲಸ ಕಡಿದುಹೋಗುತ್ತದೆ. ಕಡತದ ಅನುಮತಿಯನ್ನು 0644 ಎಂದು ಬರೆಯುವಾಗ ಉದ್ಧರಣ ಚಿಹ್ನೆಗಳ ನಡುವೆ ಬರೆಯತಕ್ಕದ್ದು. ಮುಂದಿನ ಸೊನ್ನೆಯನ್ನೂ ಚಿಹ್ನೆಗಳನ್ನೂ ಬಿಟ್ಟು 644 ಎಂದಷ್ಟೇ ಬರೆದಲ್ಲಿ ಅದು ದಶಮಾಂಶ ಸಂಖ್ಯೆಯಾಗಿ ಪರಿಗಣಿತವಾಗಿ ವಿಚಿತ್ರ ಅನುಮತಿಗಳು ಉಂಟಾಗುತ್ತವೆ.

ಅಭ್ಯಾಸ 5: ಕೈತಿದ್ದುಪಡಿಯನ್ನು ಪತ್ತೆಹಚ್ಚುವುದು

ಆರು ಅಭ್ಯಾಸಗಳ ಪೈಕಿ ಇದೇ ಮುಖ್ಯವಾದುದು. ಸಮಯವಿಲ್ಲದವರು ಉಳಿದವನ್ನು ಬೇಗ ಮುಗಿಸಿ ಇದಕ್ಕೆ ಒಂದು ಸಂಜೆಯನ್ನು ಪೂರ್ತಿ ನೀಡಬಹುದು.

ಜಗಳೂರು ಯಂತ್ರಕ್ಕೆ ನೇರವಾಗಿ ಪ್ರವೇಶಿಸಿ, ಆನ್ಸಿಬಲ್‌ನ ಹೊರಗೆ, ಕೈಯಿಂದಲೇ ಎರಡು ಬದಲಾವಣೆಗಳನ್ನು ಮಾಡಬೇಕು. ಕಾಲವಲಯವನ್ನು ವಿಶ್ವ ಕಾಲಮಾನಕ್ಕೆ ಬದಲಿಸುವುದು. ಕ್ರೋನಿಯ ಕಡತದಿಂದ ಒಂದು ಸಮಯ ಸರ್ವರ್‌ನ ಸಾಲನ್ನು ಅಳಿಸುವುದು. ನಂತರ ಹೊರಬಂದು, ಸಾಧ್ಯವಾದಲ್ಲಿ ಒಂದು ದಿನ ಬಿಟ್ಟು, ದಾವಣಗೆರೆ ಯಂತ್ರದಿಂದ ಪ್ಲೇಬುಕ್ ಅನ್ನು ಚೆಕ್ ಮತ್ತು ಡಿಫ್ ಎಂಬ ಎರಡು ಆಯ್ಕೆಗಳೊಂದಿಗೆ ಚಲಾಯಿಸಬೇಕು. ಚೆಕ್ ಆಯ್ಕೆಯಿದ್ದಾಗ ಯಂತ್ರಗಳಲ್ಲಿ ಏನೂ ಬದಲಾಗುವುದಿಲ್ಲ. ಏನು ಬದಲಾಗಬೇಕಿತ್ತು ಎಂಬ ವರದಿ ಮಾತ್ರ ಬರುತ್ತದೆ. ಡಿಫ್ ಆಯ್ಕೆಯು ಇರುವ ಸಾಲನ್ನು ಕಳೆಯುವ ಚಿಹ್ನೆಯೊಂದಿಗೆ, ಇರಬೇಕಾದ ಸಾಲನ್ನು ಕೂಡುವ ಚಿಹ್ನೆಯೊಂದಿಗೆ ತೋರಿಸುತ್ತದೆ. ಹೊನ್ನಾಳಿ ಹಾಗೂ ಚನ್ನಗಿರಿಗಳು ಹಸಿರಾಗಿದ್ದು ಜಗಳೂರು ಒಂದೇ ಹಳದಿಯಾಗಿ ಕಾಣಬೇಕು.

ಈ ಅಭ್ಯಾಸವು ಯಾವ ನೈಜ ಸನ್ನಿವೇಶವನ್ನು ಹೋಲುತ್ತದೆ ಎಂಬುದನ್ನು ತಿಳಿದಿರಬೇಕು. ಸಂಜೆ ಆರರ ವೇಳೆಗೆ ಒಂದು ಸೇವೆ ನಿಲ್ಲುತ್ತದೆ, ಕೌಂಟರಿನಲ್ಲಿ ಇನ್ನೂ ಜನರಿರುತ್ತಾರೆ. ಜವಾಬ್ದಾರಿಯುತ ನೌಕರರೊಬ್ಬರು ಯಂತ್ರವನ್ನು ಪ್ರವೇಶಿಸಿ, ಒಂದು ಸಾಲನ್ನು ತಿದ್ದಿ, ಸೇವೆಯನ್ನು ಎಬ್ಬಿಸುತ್ತಾರೆ. ಆ ಕ್ಷಣಕ್ಕೆ ಅದು ಸರಿಯಾದ ಕೆಲಸವೇ. ಆದರೆ ತಿದ್ದಿದ್ದು ಎಲ್ಲಿಯೂ ದಾಖಲಾಗುವುದಿಲ್ಲ. ಆ ನೌಕರರು ವರ್ಗಾವಣೆಗೊಳ್ಳುತ್ತಾರೆ. ಆರು ತಿಂಗಳ ನಂತರ ಅದೇ ಸಾಲಿನಿಂದ ಬೇರೊಂದು ದೋಷ ಹುಟ್ಟಿದಾಗ ಕಾರಣ ಬಲ್ಲವರು ಯಾರೂ ಇರುವುದಿಲ್ಲ. ಕೈಬರಹದ ಪಹಣಿ ಪುಸ್ತಕದಲ್ಲಿ ಸಹಿಯಿಲ್ಲದ ತಿದ್ದುಪಡಿಗೂ ಇದಕ್ಕೂ ವ್ಯತ್ಯಾಸವಿಲ್ಲ. ದಾಖಲೆಗಳನ್ನು ಆ ಸ್ಥಿತಿಯಿಂದ ಪಾರುಮಾಡಿ, ದಾಖಲೆಗಳನ್ನು ಹೊತ್ತ ಯಂತ್ರಗಳನ್ನು ಅದೇ ಸ್ಥಿತಿಯಲ್ಲಿ ಬಿಡುವುದು ಸಮಂಜಸವಲ್ಲ.

ವರದಿಯನ್ನು ಓದಿದ ನಂತರ ಚೆಕ್ ಆಯ್ಕೆಯನ್ನು ತೆಗೆದು ಪ್ಲೇಬುಕ್ ಚಲಾಯಿಸಿದರೆ ಜಗಳೂರು ಮತ್ತೆ ಸರಿಯಾಗುತ್ತದೆ. ಆದರೆ ಅದಕ್ಕೆ ಮುನ್ನ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕು: ಕೈತಿದ್ದುಪಡಿ ಮಾಡಿದವರ ಬಳಿ ಸಕಾರಣವಿತ್ತೇ? ಇದ್ದಲ್ಲಿ ಯಂತ್ರವನ್ನಲ್ಲ, ಪ್ಲೇಬುಕ್ ಅನ್ನೇ ತಿದ್ದಬೇಕಾಗುತ್ತದೆ. ಪ್ಲೇಬುಕ್ ಕಡತಗಳನ್ನು ಗಿಟ್ ತಂತ್ರಾಂಶದಲ್ಲಿ ಇರಿಸಿದಲ್ಲಿ ಪ್ರತಿ ತಿದ್ದುಪಡಿಗೂ ಹೆಸರು, ದಿನಾಂಕ ಹಾಗೂ ಕಾರಣ ಉಳಿಯುತ್ತವೆ.

ಅಭ್ಯಾಸ 6: ಹೊಸ ತಾಲ್ಲೂಕು

ಹೊನ್ನಾಳಿ ಮತ್ತು ಚನ್ನಗಿರಿ ತಾಲ್ಲೂಕುಗಳು 1997ರಲ್ಲಿ ಶಿವಮೊಗ್ಗ ಜಿಲ್ಲೆಯಿಂದಲೂ, ಜಗಳೂರು ತಾಲ್ಲೂಕು ಚಿತ್ರದುರ್ಗ ಜಿಲ್ಲೆಯಿಂದಲೂ ಹೊಸ ದಾವಣಗೆರೆ ಜಿಲ್ಲೆಗೆ ಸೇರಿದವು. ನ್ಯಾಮತಿಯು ಬಹುಕಾಲ ಹೊನ್ನಾಳಿ ತಾಲ್ಲೂಕಿನ ಭಾಗವಾಗಿದ್ದು, 2017ರ ಆಯವ್ಯಯದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ಒಂದು. ಗಡಿಗಳು ಹೀಗೆ ಬದಲಾದಾಗಲೆಲ್ಲ ಕಚೇರಿಗಳನ್ನು, ಕಡತಗಳನ್ನು ಹಾಗೂ ಯಂತ್ರಗಳನ್ನು ಹೊಸದಾಗಿ ಸಜ್ಜುಗೊಳಿಸಬೇಕಾಗುತ್ತದೆ. ಅಭ್ಯಾಸದಲ್ಲಿಯೂ ಈಗ ಹೊಸ ತಾಲ್ಲೂಕಿನ ಸರದಿ.

ಐದನೆಯ ಕಲ್ಪಿತ ಯಂತ್ರವನ್ನು ರಚಿಸಿ ನ್ಯಾಮತಿ ಎಂದು ಹೆಸರಿಟ್ಟು, ಸಾರ್ವಜನಿಕ ಕೀಲಿಯನ್ನು ಕಳುಹಿಸಿ, ಇನ್ವೆಂಟರಿಯಲ್ಲಿ ಒಂದೇ ಒಂದು ಸಾಲನ್ನು ಸೇರಿಸಬೇಕು. ತಾಲ್ಲೂಕಿನ ಕನ್ನಡ ಹೆಸರನ್ನು ಆ ಯಂತ್ರದ ಮಾಹಿತಿ ಕಡತದಲ್ಲಿ ಬರೆದು ಪ್ಲೇಬುಕ್ ಚಲಾಯಿಸಬೇಕು. ಕೆಲವೇ ನಿಮಿಷಗಳಲ್ಲಿ ನ್ಯಾಮತಿಯು ಕಾಲವಲಯ, ಸಮಯ ಸರ್ವರ್, ವೆಬ್ ಪುಟ ಎಲ್ಲದರಲ್ಲಿಯೂ ಹೊನ್ನಾಳಿಯಂತೆಯೇ ಸಿದ್ಧವಾಗುತ್ತದೆ; ಹಳೆಯ ಮೂರು ಯಂತ್ರಗಳಲ್ಲಿ ಏನೂ ಬದಲಾಗುವುದಿಲ್ಲ. ಹೀಗಾಗದೆ ಯಾವುದಾದರೂ ಕೆಲಸವನ್ನು ಕೈಯಿಂದ ಮಾಡಬೇಕಾಗಿ ಬಂದಲ್ಲಿ, ಹಿಂದಿನ ಅಭ್ಯಾಸಗಳಲ್ಲಿ ಆ ಕೆಲಸವನ್ನು ಪ್ಲೇಬುಕ್‌ನಲ್ಲಿ ಬರೆಯದೆ ಕೈಯಿಂದಲೇ ಮಾಡಿ ಮರೆಯಲಾಗಿದೆ ಎಂದರ್ಥ. ಆ ಲೋಪವನ್ನು ಸರಿಪಡಿಸಿ, ನ್ಯಾಮತಿ ಯಂತ್ರವನ್ನು ಅಳಿಸಿ, ಮತ್ತೊಮ್ಮೆ ಪ್ರಯತ್ನಿಸತಕ್ಕದ್ದು. ಅಳಿಸಲು ಹಿಂಜರಿಕೆ ಉಂಟಾಗದ ದಿನ ಈ ಅಭ್ಯಾಸ ಮುಗಿದಂತೆ.

ಎಚ್ಚರಿಕೆಗಳು

ಸ್ವಯಂಚಾಲನೆಯು ಸರಿಯಾದ ಕೆಲಸವನ್ನು ಹೇಗೋ ಹಾಗೆಯೇ ತಪ್ಪನ್ನೂ ಎಲ್ಲ ಯಂತ್ರಗಳಿಗೆ ಏಕಕಾಲದಲ್ಲಿ ತಲುಪಿಸುತ್ತದೆ. ಕೈಕೆಲಸದ ಕಾಲದಲ್ಲಿ ಒಂದು ತಾಲ್ಲೂಕು ನಿಲ್ಲುತ್ತಿದ್ದಲ್ಲಿ ಈಗ ಜಿಲ್ಲೆಯೇ ನಿಲ್ಲಬಹುದು. ಆದುದರಿಂದ ಹೊಸ ಬದಲಾವಣೆಯನ್ನು ಮೊದಲು ಲಿಮಿಟ್ ಆಯ್ಕೆಯಿಂದ ಒಂದೇ ಯಂತ್ರದ ಮೇಲೆ ಚಲಾಯಿಸಿ, ಫಲಿತಾಂಶವನ್ನು ನೋಡಿ, ನಂತರ ಸೀರಿಯಲ್ ಎಂಬ ಸೂಚನೆಯೊಂದಿಗೆ ಉಳಿದವುಗಳ ಮೇಲೆ ಒಂದೊಂದಾಗಿ ಜಾರಿಗೊಳಿಸುವುದು ಕ್ರಮ. ಪಾಸ್‌ವರ್ಡ್‌ಗಳನ್ನು ಪ್ಲೇಬುಕ್‌ನಲ್ಲಿ ತೆರೆದು ಬರೆಯದೆ ಆನ್ಸಿಬಲ್ ವಾಲ್ಟ್‌ನಿಂದ ಗೂಢಲಿಪೀಕರಿಸಬೇಕು. ದಾಖಲೆ ಕಡತಗಳನ್ನು ಅಳಿಸುವ ಪ್ಲೇಬುಕ್ ಬರೆಯುವವರು, ಮೇಲ್ಕಂಡ 2022ರ ನಿರ್ದೇಶನಗಳು ದಾಖಲೆಗಳನ್ನು 180 ದಿನಗಳವರೆಗೆ ಉಳಿಸಿಕೊಳ್ಳಲು ತಿಳಿಸಿರುವುದನ್ನು ಗಮನಿಸತಕ್ಕದ್ದು.

ಈ ಅಭ್ಯಾಸಗಳನ್ನು ಸ್ವಂತ ಯಂತ್ರಗಳ ಮೇಲೆ ಮಾತ್ರ ಮಾಡತಕ್ಕದ್ದು. ಅನುಮತಿಯಿಲ್ಲದೆ ಇತರರ ಅಥವಾ ಕಚೇರಿಯ ಗಣಕ ವ್ಯವಸ್ಥೆಯನ್ನು ಪ್ರವೇಶಿಸುವುದು ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ ಪ್ರಕರಣ 43ರ ಉಲ್ಲಂಘನೆ. ಅಪ್ರಾಮಾಣಿಕ ಅಥವಾ ಮೋಸದ ಉದ್ದೇಶದಿಂದ ಹಾಗೆ ಮಾಡಿದಲ್ಲಿ ಪ್ರಕರಣ 66ರ ಅಡಿ 3 ವರ್ಷಗಳವರೆಗಿನ ಕಾರಾಗೃಹ ವಾಸ ಅಥವಾ 5 ಲಕ್ಷ ರೂಪಾಯಿಗಳವರೆಗಿನ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ.

ತಾಂತ್ರಿಕ ಕಾರಣದಿಂದ ಸೇವೆ ವಿಳಂಬವಾದಲ್ಲಿ

ಸಂರಚನೆ ಎಷ್ಟೇ ಸಮರ್ಪಕವಾಗಿದ್ದರೂ ಯಂತ್ರಗಳು ಕೆಡುತ್ತವೆ. ಅಂತಹ ಸಂದರ್ಭದಲ್ಲಿ ಅರ್ಜಿದಾರರು ಮೊದಲು ಅರ್ಜಿ ಸ್ವೀಕೃತವಾಗಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ವ್ಯಾಪ್ತಿಗೆ ಒಳಪಟ್ಟ ಸೇವೆಗಳಿಗೆ ಅರ್ಜಿ ಸಲ್ಲಿಸಿದಾಗ 15 ಅಂಕಿಗಳ ಸಂಖ್ಯೆಯುಳ್ಳ ಸ್ವೀಕೃತಿಯನ್ನು ನೀಡಲಾಗುತ್ತದೆ. ಈ ಸಂಖ್ಯೆ ದೊರೆತಿದ್ದಲ್ಲಿ ನಿಗದಿತ ಅವಧಿಯ ಎಣಿಕೆ ಆರಂಭವಾಗಿದೆ; ನಂತರ ಸರ್ವರ್ ನಿಂತರೂ ಅರ್ಜಿಯ ಸರದಿ ಉಳಿದಿರುತ್ತದೆ. ಸಂಖ್ಯೆ ದೊರೆಯುವ ಮುನ್ನವೇ ವ್ಯವಸ್ಥೆ ನಿಂತಿದ್ದಲ್ಲಿ ಅರ್ಜಿಯು ದಾಖಲಾಗಿಲ್ಲವೆಂದೇ ತಿಳಿದು ಮತ್ತೆ ವಿಚಾರಿಸತಕ್ಕದ್ದು. ಶುಲ್ಕ ಪಾವತಿಯಾಗಿ ಸಂಖ್ಯೆ ಬಾರದಿದ್ದಲ್ಲಿ ಪಾವತಿಯ ವಿವರವನ್ನು, ದಿನಾಂಕ ಮತ್ತು ವೇಳೆಯ ಸಮೇತ, ಬರೆದಿಟ್ಟುಕೊಳ್ಳಬೇಕು.

ಅವಧಿಯೊಳಗೆ ಸೇವೆ ದೊರೆಯದಿದ್ದಲ್ಲಿ ಅಥವಾ ಅರ್ಜಿ ತಿರಸ್ಕೃತವಾದಲ್ಲಿ 30 ದಿನಗಳೊಳಗೆ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಅಲ್ಲಿಯೂ ಪರಿಹಾರ ದೊರೆಯದಿದ್ದಲ್ಲಿ ಮೇಲ್ಮನವಿ ಪ್ರಾಧಿಕಾರವಿದೆ. ವಿಳಂಬದ ಪ್ರತಿ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿಗಳಿಗೆ ಒಳಪಟ್ಟು, ಪರಿಹಾರ ವೆಚ್ಚವನ್ನು ಪಡೆಯಲು ಅರ್ಜಿದಾರರಿಗೆ ಅವಕಾಶವಿದೆ. ಮೇಲ್ಮನವಿಯೊಂದಿಗೆ ಸ್ವೀಕೃತಿಯ ಪ್ರತಿಯನ್ನು ಲಗತ್ತಿಸತಕ್ಕದ್ದು.